ಜಗತ್ತಿಗೆ ಕ್ರಮ ಇದೆ, ಹಾಗಾದರೆ ನನ್ನ ತಮ್ಮ ಯಾಕೆ ಹೋದ?

(ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ನಲವತ್ತು ದಾಟಿದ ವಿಜ್ಞಾನ ಶಿಕ್ಷಕರು. ನಿದ್ದೆ ಬರುತ್ತಿಲ್ಲ ಅಂತ ನನ್ನ ಬಳಿ ಸಲಹೆಗೆ ಬಂದರು. ಕೈಯಲ್ಲೊಂದು ನೋಟ್‌ಬುಕ್ ಇತ್ತು. ಪ್ರತಿ ಪುಟದ ನಡುವೆ ಸ್ಕೇಲಿಟ್ಟು ಎಳೆದ ಗೆರೆ, ಎಡಕ್ಕೆ ‘ಇದ್ದಾನೆ’, ಬಲಕ್ಕೆ ‘ಇಲ್ಲ’. ಜಗತ್ತನ್ನು ಯಾರೋ ಯೋಚಿಸಿ ಮಾಡಿದ್ದಾರಾ ಅನ್ನುವುದಕ್ಕೆ ಸಾಕ್ಷಿಗಳ ಪಟ್ಟಿ ಅದು. ನಡುರಾತ್ರಿ ದಾಟುವವರೆಗೂ ಫೋನಿನಲ್ಲಿ ವಿಡಿಯೊ ನೋಡುವುದು, ಬರೆಯುವುದು, ಎರಡೂ ಕಡೆಗೆ ಅಂಕ ಕೊಟ್ಟು ಕೂಡುವುದು. ಇವತ್ತು ಎಡ ಗೆದ್ದರೆ ನಾಳೆ ಬಲ.

ತಮ್ಮ ಮಳೆಯಲ್ಲಿ ಬೈಕ್ ಜಾರಿ ತೀರಿಕೊಂಡಿದ್ದ. ಅದು ಹೊರಬಿದ್ದದ್ದು ಅವರು ಎದ್ದು ಹೊರಡುವಾಗ. ಮತ್ತೆ ಕೂರಿಸಿದೆ. ಸಾಯುವ ಯೋಚನೆ ಬರುತ್ತದಾ ಅಂತ ನೇರವಾಗಿ ಕೇಳಿದೆ, ಇಲ್ಲ ಅಂದರು. ಆಮೇಲೆ, ‘ಯೋಜನೆ ಇದೆ ಅಂದರೆ ಅವನು ಸತ್ತದ್ದೂ ಯೋಜನೆಯೇ ಆಯ್ತು. ಇಲ್ಲ ಅಂದರೆ ಅವನು ಬದುಕಿದ್ದೂ ಸುಮ್ನೆ ಆಯ್ತು. ಯಾವುದನ್ನು ಒಪ್ಪಲಿ ಮೇಡಂ?’

ಇಂಥವರಿಗೆ ‘ಅದೆಲ್ಲ ಬಿಡಿ, ದುಃಖದ ಬಗ್ಗೆ ಮಾತಾಡಿ’ ಅನ್ನಬಾರದು. ಅವರ ಪ್ರಶ್ನೆ ನಿಜವಾದ ಪ್ರಶ್ನೆಯೇ. ಹಾಗಾಗಿ ನೋಟ್‌ಬುಕ್ ತೆರೆದೇ ಕೂತೆವು.

ಎಡಗಡೆಯ ದೊಡ್ಡ ಸಾಕ್ಷಿ ಪೂರ್ಣ ಸೂರ್ಯಗ್ರಹಣ. ಸೂರ್ಯ ಚಂದ್ರನಿಗಿಂತ ಅಗಲದಲ್ಲಿ ಸುಮಾರು 400 ಪಟ್ಟು ದೊಡ್ಡವನು, ದೂರವೂ ಸುಮಾರು 400 ಪಟ್ಟು, ಅದಕ್ಕೇ ಆಕಾಶದಲ್ಲಿ ಇಬ್ಬರೂ ಹೆಚ್ಚುಕಡಿಮೆ ಒಂದೇ ಅಳತೆ. ‘ಅಳೆದು ಇಟ್ಟಂತಿದೆ ಅಲ್ವಾ?’ ಆದರೆ ಎದುರಿಗೆ ಪೆನ್ಸಿಲಿನಲ್ಲಿ ಅವರೇ ಬರೆದಿದ್ದರು: ಚಂದ್ರ ವರ್ಷಕ್ಕೆ ಸುಮಾರು 3.8 ಸೆಂಟಿಮೀಟರ್ ದೂರ ಸರಿಯುತ್ತಿದ್ದಾನೆ. ಕೋಟ್ಯಂತರ ವರ್ಷಗಳ ನಂತರ ಅವನಿಗೆ ಸೂರ್ಯನನ್ನು ಪೂರ್ತಿ ಮುಚ್ಚಲು ಆಗುವುದೇ ಇಲ್ಲ.

ಗಡಿಯಾರ ಇದ್ದರೆ ಅದನ್ನು ಮಾಡಿದವನೂ ಇರಬೇಕು ಅನ್ನುವ ಇಂಗ್ಲಿಷ್ ಪಾದ್ರಿ ವಿಲಿಯಂ ಪೇಲಿಯ 1802ರ ವಾದವೂ ಅಲ್ಲಿತ್ತು. ಅದಕ್ಕೂ ಮೊದಲೇ, 1779ರಲ್ಲಿ ಅಚ್ಚಾದ, ತತ್ವಜ್ಞಾನಿ ಡೇವಿಡ್ ಹ್ಯೂಮನ ಪುಸ್ತಕದಲ್ಲಿ ಇಂಥ ವಾದಕ್ಕೆ ಪ್ರಶ್ನೆಯಿದೆ: ಮಾಡಿದವರು ಇದ್ದಾರೆ ಅಂತಲೇ ಇಟ್ಟುಕೊಳ್ಳೋಣ, ಒಬ್ಬರೋ ಹಲವರೋ, ಕರುಣೆಯುಳ್ಳವರೋ ಅಲ್ಲವೋ, ಅದು ಜಗತ್ತನ್ನು ನೋಡಿ ಹೇಗೆ ಗೊತ್ತಾಗುತ್ತದೆ? ಕಣ್ಣಿನಂಥ ಅಂಗ ಯಾರ ಮುಂದಾಲೋಚನೆಯೂ ಇಲ್ಲದೆ ಹೇಗೆ ಬರಬಹುದು ಅಂತ 1859ರಲ್ಲಿ ಡಾರ್ವಿನ್ ತೋರಿಸಿದ. ಆದರೆ ಪ್ರಕೃತಿಯ ನಿಯಮಗಳೇ ಯಾಕಿವೆ ಅನ್ನುವುದಕ್ಕೆ ಡಾರ್ವಿನ್‌ನಲ್ಲಿ ಉತ್ತರವಿಲ್ಲ. ಅಲ್ಲಿ ಒಬ್ಬರಿಗೆ ಉದ್ದೇಶ ಕಾಣುತ್ತದೆ, ಇನ್ನೊಬ್ಬರಿಗೆ ಇಲ್ಲ, ಎರಡೂ ಕಡೆ ಪ್ರಾಮಾಣಿಕರಿದ್ದಾರೆ. ಅಂಕ ಕೂಡಿ ತೀರಿಸುವ ಲೆಕ್ಕ ಇದಲ್ಲ.

ಆಮೇಲೆ ಕೇಳಿದೆ: ಒದ್ದೆ ರಸ್ತೆಯಲ್ಲಿ ಟೈರು ಯಾಕೆ ಜಾರುತ್ತದೆ? ಪಾಠ ಮಾಡುವ ಹಾಗೆಯೇ ಶುರು ಮಾಡಿದರು, ನೀರಿನ ಪದರ, ಕಡಿಮೆಯಾಗುವ ಘರ್ಷಣೆ. ಅರ್ಧಕ್ಕೇ ನಿಂತರು. ಅದೂ ಅದೇ ಕ್ರಮ, ಅಂದೆ. ಆ ತಿರುವಿನಲ್ಲಿ ಹೋದ ಎಲ್ಲರಿಗೂ ಒಂದೇ ನಿಯಮ. ಅದನ್ನು ಮಾಡಿದವನು ಇದ್ದರೂ, ನಿಮ್ಮ ತಮ್ಮನನ್ನೇ ಗುರಿ ಮಾಡಿದ ಅಂತ ನಿಯಮದಿಂದ ಗೊತ್ತಾಗುವುದಿಲ್ಲ. ಯಾರೂ ಇಲ್ಲದಿದ್ದರೆ, ಅವನು ನಿಮಗೆ ತಮ್ಮನಾಗಿದ್ದದ್ದು ಸುಳ್ಳಾಗುತ್ತದಾ?

ತುಂಬಾ ಹೊತ್ತು ಮಾತಿಲ್ಲ. ಕೊನೆಗೆ, ‘ಬೈಕ್ ಕೊಡಿಸಿದ್ದು ನಾನೇ.’

ಮುಂದಿನ ಭೇಟಿಗಳೆಲ್ಲ ಈ ಮಾತಿನ ಸುತ್ತಲೇ ನಡೆದವು. ಅವರು ರಾತ್ರಿಯಿಡೀ ಹುಡುಕುತ್ತಿದ್ದದ್ದು ತಪ್ಪು ಯಾರದ್ದು ಅನ್ನುವುದನ್ನು.

ನಾನು ಕೊಟ್ಟ ಸಲಹೆ ಸರಳ. ಸೃಷ್ಟಿಯ ಪ್ರಶ್ನೆಗೆ ಸಂಜೆ ಅರ್ಧ ಗಂಟೆ ಇಡಿ, ಮೇಜಿನ ಮುಂದೆ ಕೂತು ಓದಿ, ಬರೆಯಿರಿ, ಅಂಕ ಮಾತ್ರ ಬೇಡ. ರಾತ್ರಿ ಯೋಚನೆ ಬಂದರೆ ಒಂದೇ ಸಾಲು ಗೀಚಿ ನಾಳೆಗೆ ಬಿಡಿ. ಫೋನು ಬೇರೆ ಕೋಣೆಯಲ್ಲಿರಲಿ. ತಮ್ಮನಿಗೊಂದು ಪತ್ರ ಬರೆಯಿರಿ, ಬೈಕಿನ ವಿಷಯವನ್ನೂ ಸೇರಿಸಿ. ಇವರಿಗೆ ನೋವಾಗುತ್ತದೆ ಅಂತ ಹೆಂಡತಿ ಅವನ ಹೆಸರೆತ್ತುವುದನ್ನೇ ಬಿಟ್ಟಿದ್ದರು, ಅವರನ್ನೂ ಒಮ್ಮೆ ಕರೆಸಿದೆ. ಎರಡು ವಾರದಲ್ಲಿ ನಿದ್ದೆ ಸುಧಾರಿಸದಿದ್ದರೆ ಮನೋವೈದ್ಯರನ್ನು ಕಾಣಬೇಕು ಅಂತ ಮೊದಲೇ ಹೇಳಿದ್ದೆ. ಆ ಅಗತ್ಯ ಬರಲಿಲ್ಲ.

ಈಗಲೂ ಓದುತ್ತಾರೆ. ಸೃಷ್ಟಿಕರ್ತ ಇದ್ದಾನೆ ಅನ್ನುವ ಕಡೆಗೇ ಮನಸ್ಸು ಜಾಸ್ತಿ ವಾಲುತ್ತದೆ ಅಂದರು. ನನ್ನ ನಂಬಿಕೆ ಏನು ಅಂತಲೂ ಕೇಳಿದರು, ಹೇಳಲಿಲ್ಲ. ಅವರ ಉತ್ತರ ಅವರದ್ದೇ ಆಗಿರಬೇಕು.

ನಿಮ್ಮ ಮನೆಯಲ್ಲೂ ಹೀಗೆ ನಿದ್ದೆಗೆಟ್ಟು ಕೇಳುವವರಿದ್ದರೆ, ‘ಎಲ್ಲಾ ಅವನಿಚ್ಛೆ’ ಅಂತಲೂ ‘ದೇವರೂ ಇಲ್ಲ ಏನೂ ಇಲ್ಲ’ ಅಂತಲೂ ಅವಸರದಲ್ಲಿ ಹೇಳಬೇಡಿ. ಹೋದವರ ಹೆಸರು ಹಿಡಿದು, ಅವರು ಹೇಗಿದ್ದರು ಅಂತ ಕೇಳಿ.