ಅಮ್ಮನ ಜೊತೆ ಏಳು ದಿನ ಪೆರು ಪ್ರವಾಸ: ಕುಸ್ಕೊ, ರೇನ್‌ಬೋ ಮೌಂಟನ್, ಮಾಚು ಪಿಚು, ಟಿಟಿಕಾಕಾ ನೋಡಲು ಯಾವ ಕ್ರಮ ಒಳ್ಳೆಯದು?

ನಿಮ್ಮ ಪಟ್ಟಿ ನೋಡಿ ಎದೆ ಧಸಕ್ ಎಂದಿತು. 2023ರ ಮೇ ತಿಂಗಳಲ್ಲಿ ನಾನು ಹಾಕಿಕೊಂಡಿದ್ದ ಪಟ್ಟಿಯೂ ಹೆಚ್ಚುಕಮ್ಮಿ ಇದೇ. ನಿಮ್ಮ ಜೊತೆ ಅಮ್ಮ, ನನ್ನ ಜೊತೆ ಅಪ್ಪ. ಅಷ್ಟೇ ವ್ಯತ್ಯಾಸ.

ಅಪ್ಪ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದವರು. ಆಗ ಅವರಿಗೆ 66. ಇಂಕಾಗಳು ಗಾರೆಯೇ ಇಲ್ಲದೆ ಕಲ್ಲಿಗೆ ಕಲ್ಲು ಕೂರಿಸಿದ್ದನ್ನು ಕಣ್ಣಾರೆ ನೋಡಬೇಕು ಅಂತ ವರ್ಷಗಳಿಂದ ಹೇಳುತ್ತಿದ್ದರು. ಅದಕ್ಕೇ ಹೊರಟಿದ್ದು.

ಲಿಮಾದಲ್ಲಿ ಒಂದು ರಾತ್ರಿ ಇದ್ದೆವು. ಮರುದಿನ ಬೆಳಿಗ್ಗೆ ವಿಮಾನ ಹತ್ತಿ ಒಂದೂವರೆ ಗಂಟೆಯೊಳಗೆ ಕುಸ್ಕೊದಲ್ಲಿ ಇಳಿದೆವು. ಲಿಮಾ ಸಮುದ್ರದ ದಡದ ಊರು. ಕುಸ್ಕೊ ಇರುವುದು ಸುಮಾರು 3,400 ಮೀಟರ್ ಎತ್ತರದಲ್ಲಿ. ನಮ್ಮ ರಾಜ್ಯದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿಯೇ 1,930 ಮೀಟರ್. ಅದರ ಮೇಲೆ ಇನ್ನೊಂದು ನಂದಿಬೆಟ್ಟ ಇಟ್ಟರೂ ಹೆಚ್ಚುಕಮ್ಮಿ ಕುಸ್ಕೊದಷ್ಟೇ ಆಗುತ್ತದೆ. ಅಷ್ಟು ಎತ್ತರಕ್ಕೆ ಒಂದೂವರೆ ಗಂಟೆಯಲ್ಲಿ ಹೋಗಿ ಕೂತಿದ್ದೆವು.

ಹೋಟೆಲ್ ರೂಮಿನಲ್ಲಿ ಸೂಟ್‌ಕೇಸ್ ತೆಗೆದಾಗ ಮನೆಯಿಂದ ತಂದಿದ್ದ ಖಾರಾ ಬೂಂದಿ ಪ್ಯಾಕೆಟ್ ಬಲೂನಿನ ಹಾಗೆ ಉಬ್ಬಿಕೊಂಡಿತ್ತು. ಬೆರಳಲ್ಲಿ ತಟ್ಟಿದರೆ ಟಪಟಪ ಸದ್ದು. "ಹೊರಗೆ ಗಾಳಿಯ ಒತ್ತಡ ಕಮ್ಮಿ ಕಣೋ, ಒಳಗಿರೋದು ನಮ್ಮೂರ ಗಾಳಿ" ಅಂತ ಅಪ್ಪ ಖುಷಿಯಾಗಿ ಪಾಠ ಮಾಡಿದರು. ನಾನು ಫೋಟೋ ತೆಗೆದೆ. ಅಷ್ಟಕ್ಕೇ ಬಿಟ್ಟೆ.

ನನ್ನ ಪ್ಲಾನಿನಲ್ಲಿ ಮರುದಿನ ಖಾಲಿ ಇತ್ತು. ಇಷ್ಟು ದುಡ್ಡು ಸುರಿದು ಬಂದು ಒಂದು ದಿನ ಸುಮ್ನೆ ಕೂರುವುದೇ ಅಂತ ರೇನ್‌ಬೋ ಮೌಂಟನ್ ಟೂರ್ ಬುಕ್ ಮಾಡಿಬಿಟ್ಟಿದ್ದೆ. ಬೆಳಗಿನ ಜಾವ ನಾಲ್ಕಕ್ಕೆ ವ್ಯಾನ್ ಬಂತು. ಆ ಬೆಟ್ಟದ ನಿಜವಾದ ಹೆಸರು ವಿನಿಕುಂಕಾ, ಎತ್ತರ 5,000 ಮೀಟರ್‌ಗೂ ಜಾಸ್ತಿ. ಅಲ್ಲಿ ಗಾಳಿಯ ಒತ್ತಡ ಸಮುದ್ರದ ದಡದಲ್ಲಿ ಇರುವುದರ ಅರ್ಧದಷ್ಟು. ಅಪ್ಪನಿಗೆ ಕುದುರೆ ಮಾಡಿಸಿದೆ. ಕುದುರೆ ನಡೆದರೆ ಕಾಲಿನ ಶ್ರಮ ತಪ್ಪುತ್ತದೆ, ಉಸಿರು ನಾವೇ ಆಡಬೇಕು ಅಲ್ವಾ?

ಆ ರಾತ್ರಿ ಅಪ್ಪನಿಗೆ ತಲೆ ಸಿಡಿಯುವಂಥ ನೋವು, ಮೂರು ಸಲ ವಾಂತಿ. ಕೂತಲ್ಲೇ ಏದುಸಿರು. ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆವು. ಬೆರಳಿಗೆ ಕ್ಲಿಪ್ ಹಾಕಿದರೆ ಆಕ್ಸಿಜನ್ 72. ಎತ್ತರದ ಜಾಗದಲ್ಲಿ ಬರುವ ಈ ಕಾಯಿಲೆಯನ್ನು ಅಲ್ಲಿನವರು ಸೊರೊಚೆ ಅನ್ನುತ್ತಾರೆ. ರಾತ್ರಿಯೆಲ್ಲ ಮಾಸ್ಕ್ ಹಾಕಿ ಮಲಗಿಸಿದರು. ಬೆಳಿಗ್ಗೆ ಸ್ವಲ್ಪ ಚೇತರಿಸಿಕೊಂಡ ಮೇಲೆ ಡಾಕ್ಟರ್ ಹೇಳಿದ್ದು ಒಂದೇ ಮಾತು: ಇನ್ನು ಕುಸ್ಕೊದಲ್ಲಿ ಮಲಗಿಸಬೇಡಿ, ಕೆಳಗಿಳಿಯಿರಿ.

ಮಾಚು ಪಿಚು ಟಿಕೆಟ್ ಇದ್ದದ್ದು ಎರಡು ದಿನ ಬಿಟ್ಟು. ನನ್ನ ತಲೆಯಲ್ಲಿ ಮಾಚು ಪಿಚು ಅಂದರೆ ಮೋಡದ ನಡುವಿನ ಶಿಖರ, ಕುಸ್ಕೊಗಿಂತಲೂ ಮೇಲೆ. ಎಲ್ಲ ಫೋಟೋದಲ್ಲೂ ಹಾಗೇ ಕಾಣುತ್ತದೆ. ಲಗೇಜ್ ಕಟ್ಟುವಾಗ ಹೋಟೆಲಿನ ಹೆಂಗಸು ಕೈಯನ್ನು ಕೆಳಮುಖ ಮಾಡಿ "ಬಾಯೆ, ಬಾಯೆ" ಅಂತ ಎರಡು ಮೂರು ಸಲ ಹೇಳಿದರು. ನನಗೆ ಅರ್ಥವಾಗಲಿಲ್ಲ. ಅವತ್ತೇ ಲಿಮಾಗೆ ವಾಪಸ್ ಬಂದೆವು. ರೈಲು, ಟಿಕೆಟ್ ಎಲ್ಲದರ ದುಡ್ಡೂ ಹೋಯಿತು.

ಲಿಮಾದಲ್ಲಿ ಸಂಜೆಯ ಹೊತ್ತಿಗೆ ಅಪ್ಪ ಆರಾಮಾದರು. ಮಿರಾಫ್ಲೋರೆಸ್‌ನಲ್ಲಿ ಸಮುದ್ರದ ಎದುರು ಬೆಂಚಿನ ಮೇಲೆ ಕೂತಿದ್ದಾಗ, "ಮಾಚು ಪಿಚು ಎಷ್ಟು ಎತ್ತರ ಇದೆಯೋ?" ಅಂತ ಕೇಳಿದರು. ಫೋನಿನಲ್ಲಿ ನೋಡಿದೆ. 2,430 ಮೀಟರ್. ಅಪ್ಪ ಜೇಬಿನಿಂದ ಪೆನ್ನು ತೆಗೆದು ಬೋರ್ಡಿಂಗ್ ಪಾಸಿನ ಹಿಂದೆ 3,400ರಿಂದ ಕಳೆದು 970 ಅಂತ ಬರೆದರು. "ಇಳಿಯೋ ದಾರಿ ಅದೇ ಆಗಿತ್ತು" ಅಂದರು. ಮತ್ತೆ ಆ ವಿಷಯ ಎತ್ತಲಿಲ್ಲ. ಸ್ಪ್ಯಾನಿಷ್‌ನಲ್ಲಿ "ಬಾಯೆ" ಅಂದರೆ ಕಣಿವೆ. ಆ ಹೆಂಗಸು ಹೇಳಿದ್ದು ಕಣಿವೆಗೆ ಇಳಿಯಿರಿ ಅಂತ.

ಆ ಸ್ಥಿತಿಯಲ್ಲಿ ಲಿಮಾಗೆ ಇಳಿದದ್ದು ತಪ್ಪು ಅಂತ ನಾನು ಹೇಳುತ್ತಿಲ್ಲ. ತಪ್ಪಾದದ್ದು ಎರಡು ತಿಂಗಳ ಮುಂಚೆ, ಮನೆಯಲ್ಲಿ ಕೂತು ಎಕ್ಸೆಲ್ ಹಾಳೆ ಮಾಡುವಾಗ. ಅದರಲ್ಲಿ ದಿನಾಂಕ ಇತ್ತು, ಹೋಟೆಲ್ ಇತ್ತು, ಖರ್ಚಿತ್ತು, ಊರಿಂದ ಊರಿಗೆ ಎಷ್ಟು ಗಂಟೆ ಅನ್ನುವುದೂ ಇತ್ತು. ಎತ್ತರ ಬರೆಯುವ ಒಂದು ಕಾಲಂ ಇರಲಿಲ್ಲ. ಅದೊಂದು ಇದ್ದಿದ್ದರೆ 0, 3,400, 5,000 ಅಂತ ಮೂರು ದಿನದ ಅಂಕಿ ಒಂದರ ಕೆಳಗೊಂದು ಕಣ್ಣಿಗೆ ಹೊಡೆಯುತ್ತಿತ್ತು. ಮಾಚು ಪಿಚು ಕುಸ್ಕೊಗಿಂತ ಕೆಳಗಿದೆ ಅನ್ನುವುದೂ ಗೊತ್ತಾಗುತ್ತಿತ್ತು. ಗೊತ್ತಿದ್ದರೆ ಕುಸ್ಕೊದಲ್ಲಿ ಮೊದಲ ರಾತ್ರಿ ಮಲಗುತ್ತಲೇ ಇರಲಿಲ್ಲ. ಮಲಗದಿದ್ದರೆ ರೇನ್‌ಬೋ ಟೂರೂ ಇರುತ್ತಿರಲಿಲ್ಲ. ಎಲ್ಲವೂ ಆ ಒಂದು ಕಾಲಂ ಬಿಟ್ಟಿದ್ದರಿಂದ ಆಯಿತು.

ಹಾಗಾಗಿ ನಾಲ್ಕನ್ನೂ ಯಾವ ಕ್ರಮದಲ್ಲಿ ನೋಡಬೇಕು ಅನ್ನುವ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಏಳು ದಿನಕ್ಕೆ, ಅಮ್ಮನ ಜೊತೆ, ನಾಲ್ಕೂ ಬೇಡ. ರೇನ್‌ಬೋ ಮೌಂಟನ್ ತೆಗೆದುಹಾಕಿ. ಟಿಟಿಕಾಕಾ ಸರೋವರ 3,812 ಮೀಟರ್ ಮೇಲಿದೆ, ಕುಸ್ಕೊದಿಂದ ಹೋಗುವುದಕ್ಕೇ ಒಂದು ಹಗಲು ಬೇಕು. ಜೊಂಡಿನ ತೇಲುವ ದ್ವೀಪಗಳು ಚೆಂದವೇ, ಆದರೆ ಅದಕ್ಕೆ ಇನ್ನೊಂದು ಪ್ರವಾಸ ಇಟ್ಟುಕೊಳ್ಳಿ.

ಕುಸ್ಕೊ ಏರ್‌ಪೋರ್ಟಿನಿಂದ ನೇರ ಟ್ಯಾಕ್ಸಿ ಹಿಡಿದು ಉರುಬಾಂಬಾ ಕಣಿವೆಗೆ ಇಳಿಯಿರಿ. ಅಲ್ಲಿನ ಊರು ಓಯಾಂಟಾಯ್‌ಟಾಂಬೊ ಸುಮಾರು 2,800 ಮೀಟರ್. ಇಂಕಾ ಕಾಲದ ಓಣಿಗಳು, ಓಣಿಯ ಪಕ್ಕ ಇವತ್ತಿಗೂ ಹರಿಯುವ ಕಲ್ಲಿನ ಕಾಲುವೆ. ಎರಡು ರಾತ್ರಿ ಅಲ್ಲೇ ಇರಿ, ಮೊದಲ ದಿನ ಏನೂ ಮಾಡಬೇಡಿ. ರೈಲೂ ಆ ಊರಿಂದಲೇ ಸಿಗುತ್ತದೆ, ಎರಡು ಗಂಟೆಯೊಳಗೆ ಮಾಚು ಪಿಚು ಬುಡದ ಊರು ಆಗ್ವಾಸ್ ಕಾಲಿಯೆಂಟೆಸ್. ಅದು ಇನ್ನೂ ಕೆಳಗೆ. ಅಲ್ಲಿ ಒಂದು ರಾತ್ರಿ ಮಲಗಿ ಬೆಳಿಗ್ಗೆ ಬಸ್ಸಿನಲ್ಲಿ ಮಾಚು ಪಿಚು. ಕುಸ್ಕೊ ಕೊನೆಗೆ ಇರಲಿ. ಇಂಕಾಗಳ ಕೊರಿಕಾಂಚಾ ದೇವಾಲಯ ಊರೊಳಗೇ ಇದೆ, ಸಾಕ್ಸಾಯ್ವಾಮನ್ ಕೋಟೆ ಊರಿಗೆ ಹತ್ತಿರದಲ್ಲೇ ಇದೆ.

ಹೊರಡುವ ಮುಂಚೆ ಅಮ್ಮನನ್ನು ಡಾಕ್ಟರಿಗೆ ತೋರಿಸಿ, ಎತ್ತರದ ಕಾಯಿಲೆ ತಡೆಯುವ ಮಾತ್ರೆ ಬೇಕಾ ಅಂತ ಕೇಳಿ. ಬಿಪಿ ಇದ್ದರಂತೂ ಕೇಳಲೇಬೇಕು. ಹೋಟೆಲಿನವರು ಕೋಕಾ ಎಲೆಯ ಚಹಾ ಕೊಡುತ್ತಾರೆ. ಕುಡಿಯಿರಿ, ಆದರೆ ಅದನ್ನೇ ಔಷಧಿ ಅಂತ ನಂಬಿ ಬೆಟ್ಟ ಹತ್ತಬೇಡಿ. ಅದರ ಟೀ ಬ್ಯಾಗ್ ಊರಿಗೆ ತರಲೇಬೇಡಿ, ಕೋಕಾ ಎಲೆ ನಮ್ಮಲ್ಲಿ ಮಾದಕ ವಸ್ತು ಕಾಯ್ದೆಯಡಿ ಬರುತ್ತದೆ.

ಇನ್ನೊಂದು. ಮಾಚು ಪಿಚು ಟಿಕೆಟ್‌ಗೆ ದಿನ, ಗಂಟೆ, ಒಳಗೆ ನಡೆಯುವ ದಾರಿ ಎಲ್ಲವೂ ಮೊದಲೇ ನಿಗದಿ. ಬಾಗಿಲಲ್ಲಿ ಪಾಸ್‌ಪೋರ್ಟ್ ಜೊತೆ ಹೆಸರು ತಾಳೆ ನೋಡುತ್ತಾರೆ. ನಮ್ಮ ಕಡೆ ಇನಿಶಿಯಲ್ ಗೊಂದಲ ಇದ್ದೇ ಇರುತ್ತದಲ್ಲ, ಅಮ್ಮನ ಪಾಸ್‌ಪೋರ್ಟಿನಲ್ಲಿ ಹೆಸರು ಹೇಗಿದೆಯೋ ಅಕ್ಷರಕ್ಕೆ ಅಕ್ಷರ ಹಾಗೇ ತುಂಬಿ.