ಎರೆ ಭೂಮಿಯಲ್ಲಿ ಇಂಗು ಗುಂಡಿ: ಆಳ ತೋಡಿ ಪ್ರಯೋಜನವಿಲ್ಲ

ಪ್ರಶ್ನೆ: ನಮ್ಮದು ಗದಗ ಕಡೆಯ ಎರೆ ಭೂಮಿ (ಕಪ್ಪು ಜೇಡಿ ಮಣ್ಣು). ಸೆಪ್ಟಿಕ್ ಟ್ಯಾಂಕಿನ ನೀರಿಗೆ ಇಂಗು ಗುಂಡಿ ಮಾಡಿಸಿದ್ದೇವೆ. ಬೇಸಿಗೆಯಲ್ಲಿ ಸರಿ ಇರುತ್ತದೆ, ಮಳೆಗಾಲದಲ್ಲಿ ಉಕ್ಕಿ ಅಂಗಳಕ್ಕೆ ಬರುತ್ತದೆ. ಗುತ್ತಿಗೆದಾರರು ಇನ್ನೂ ಹತ್ತು ಅಡಿ ಇಳಿಸೋಣ ಅಂತಾರೆ. ಮಾಡಿಸಲೇ?

ಉತ್ತರ: ಬೇಡ. ಮಳೆಗಾಲ ಬಂತೆಂದರೆ ಇದೇ ಪ್ರಶ್ನೆ, ಗುತ್ತಿಗೆದಾರರದ್ದೂ ಇದೇ ಸಲಹೆ. ಆಳ ಹೋದಷ್ಟೂ ಅವರ ಬಿಲ್ ಜಾಸ್ತಿ, ಅಷ್ಟೇ.

ಒಣಗಿದ ಎರೆ ಮಣ್ಣಿನಲ್ಲಿ ಕೈ ತೂರುವಷ್ಟು ಬಿರುಕು ಇರುತ್ತದೆ. ನೀರು ಅದರೊಳಗೆ ಇಳಿಯುವುದನ್ನು ನೋಡಿ ಇಂಗಿತು ಅಂದುಕೊಳ್ಳುತ್ತೀರಿ. ನಾಲ್ಕು ಮಳೆ ಬಿದ್ದರೆ ಮಣ್ಣು ಉಬ್ಬಿ ಬಿರುಕು ಮುಚ್ಚುತ್ತದೆ. ಸಾಲದ್ದಕ್ಕೆ ಟ್ಯಾಂಕಿನಿಂದ ಬಂದ ಕೊಳೆ ಗುಂಡಿಯ ಗೋಡೆಗೆ ಕಪ್ಪು ಲೋಳೆಯಾಗಿ ಮೆತ್ತಿಕೊಳ್ಳುತ್ತದೆ. ಬಟ್ಟೆ ಸೋಪಿನ ಸೋಡಿಯಂ ಸೇರಿದರೆ ಮಣ್ಣು ಇನ್ನೂ ಬಿಗಿಯಾಗುತ್ತದೆ. ಕೆಳಗೆ ಗರಸು (ಒರಟು ಕಲ್ಲುಮಣ್ಣು) ಸಿಗುವವರೆಗೆ ತೋಡುವವರೂ ಇದ್ದಾರೆ. ನೀರು ಹೋಗುತ್ತದೆ, ಸೋಸದೇ ಅಂತರ್ಜಲಕ್ಕೆ!

ಮೊದಲು ಪರೀಕ್ಷೆ ಮಾಡಿ, ಏಪ್ರಿಲ್‌ನಲ್ಲಿ ಬೇಡ. ಒಂದಡಿ ಅಗಲದ ಕುಳಿ ತೋಡಿ, ಗೋಡೆ ಕೆರೆದು, ತಳದಲ್ಲಿ ಎರಡು ಇಂಚು ಎತ್ತರಕ್ಕೆ ಜಲ್ಲಿ ಹಾಕಿ ರಾತ್ರಿಯಿಡೀ ನೀರು ನಿಲ್ಲಿಸಿ. ಮಣ್ಣು ಕುಡಿದು ಉಬ್ಬಲಿ. ಮರುದಿನ ನೀರು 2.5 ಸೆಂ.ಮೀ. ಇಳಿಯಲು ಎಷ್ಟು ಹೊತ್ತು ಬೇಕು, ನೋಡಿ. ಐಎಸ್ 2470 (ಸೆಪ್ಟಿಕ್ ಟ್ಯಾಂಕಿಗಿರುವ ಭಾರತೀಯ ಮಾನದಂಡ) ಪ್ರಕಾರ 30 ನಿಮಿಷ ದಾಟಿದರೆ ಗುಂಡಿ ಬೇಡ, ಅಗಲವಾಗಿ ಹರಡುವ ಜಲ್ಲಿ ಕಾಲುವೆ ಮಾಡಬೇಕು. 60 ದಾಟಿದರೆ ಅದೂ ನಡೆಯಲ್ಲ. ಎರೆ ಮಣ್ಣಿನಲ್ಲಿ 60 ದಾಟುವುದೇ ಹೆಚ್ಚು. ಆಗ ನೀರನ್ನು ಜಲ್ಲಿ ಫಿಲ್ಟರ್‌ನಲ್ಲಿ ಹಾಯಿಸಿ, ಕಾಬಾಳೆ (ಕ್ಯಾನಾ ಹೂಗಿಡ) ಅಥವಾ ಬಾಳೆಯ ಪಾತಿಗೆ ಬಿಡಿ. ಸೊಪ್ಪು ತರಕಾರಿಗೆ ಮಾತ್ರ ಬೇಡ.

ಪ್ರಶ್ನೆ: ಮಂಗಳೂರು ಕಡೆ ಮುರಕಲ್ಲಿನ (ಜಂಬಿಟ್ಟಿಗೆ) ನೆಲ. ನಮ್ಮ ಗುಂಡಿ ಒಮ್ಮೆಯೂ ತುಂಬಿಲ್ಲ. ಬಾವಿ 20 ಅಡಿ ದೂರ. ಪರವಾಗಿಲ್ವಾ?

ಉತ್ತರ: ತುಂಬದಿರುವುದೇ ತೊಂದರೆ. ಮುರಕಲ್ಲಿನ ತೂತುಗಳಲ್ಲಿ ನೀರು ಸೋಸಿಕೊಳ್ಳದೆ ಓಡುತ್ತದೆ. ಗುಂಡಿಗೂ ಬಾವಿಗೂ ನಡುವೆ ನಿಯಮ 18 ಮೀಟರ್ (ಸುಮಾರು 60 ಅಡಿ) ಅನ್ನುತ್ತದೆ. ನಾನಾದರೆ 30 ಬಿಡುತ್ತೇನೆ. ಬಾವಿ ನೀರು ಪರೀಕ್ಷೆ ಮಾಡಿಸಿ. ಅಲ್ಲಿಯವರೆಗೆ ಕುದಿಸಿಯೇ ಕುಡಿಯಿರಿ.

ಪ್ರಶ್ನೆ: ಬ್ಯಾಕ್ಟೀರಿಯಾ ಪುಡಿ ಹಾಕಿದರೆ ಇಂಗುತ್ತದಂತೆ, ನಿಜವೇ?

ಉತ್ತರ: ಎರೆ ಮಣ್ಣನ್ನು ಮರಳು ಮಾಡುವ ಪುಡಿ ಇನ್ನೂ ಹುಟ್ಟಿಲ್ಲ. ಅದೇ ದುಡ್ಡಿನಲ್ಲಿ ಸಕ್ಕಿಂಗ್ ಗಾಡಿ ಕರೆಸಿ ಟ್ಯಾಂಕ್ ಖಾಲಿ ಮಾಡಿಸಿ. ಒಳಗೆ ಯಾರನ್ನೂ ಇಳಿಸಬೇಡಿ. ಗ್ಯಾಸಿಗೆ ಜೀವ ಹೋಗುತ್ತದೆ, ಕಾನೂನಿನಲ್ಲೂ ಅಪರಾಧ.

ಪ್ರಶ್ನೆ: ಬತ್ತಿದ ಬೋರ್‌ವೆಲ್‌ಗೆ ಬಿಡಬಹುದೇ?

ಉತ್ತರ: ಇಲ್ಲ. ಪಕ್ಕದ ಮನೆಯವರು ಕುಡಿಯುವುದೂ ಅದೇ ನೀರು. ದಯವಿಟ್ಟು ಈ ಪ್ರಶ್ನೆ ಇನ್ನು ಕಳಿಸಬೇಡಿ.