ಹಾಲು ಕುಡಿದು ಹೋಗುವ ಬೆಕ್ಕು ಯಾರ ಮನೆಯದು?

ಪ್ರಶ್ನೆ: ನಮ್ಮದು ಬಾಗಲಕೋಟೆ ನವನಗರ. ಒಂದು ತಿಂಗಳಿಂದ ಬಿಳಿ, ಕಪ್ಪು, ಕೇಸರಿ ಮೂರೂ ಬಣ್ಣದ ಬೆಕ್ಕೊಂದು ಸಂಜೆ ಹಿತ್ತಲಿಗೆ ಬರುತ್ತಿದೆ. ಹಾಲು ಇಟ್ಟರೆ ಕುಡಿದು ಕಂಪೌಂಡ್ ಹಾರಿ ಹೋಗುತ್ತದೆ. ಮುಟ್ಟಲು ಹೋದರೆ ಓಡುತ್ತದೆ. ಕೊರಳಲ್ಲಿ ಪಟ್ಟಿ ಇಲ್ಲ, ಆದರೆ ಮೈ ಚೆನ್ನಾಗಿದೆ. ಒಳಗೆ ಕರೆದು ಬಾಗಿಲು ಹಾಕಿದರೆ ಎರಡು ದಿನಕ್ಕೆ ಹೊಂದಿಕೊಳ್ಳುತ್ತದೆ ಅಂತ ಮಗಳ ವಾದ. ಬೇರೆಯವರ ಬೆಕ್ಕಾಗಿದ್ದರೆ ಏನು ಗತಿ?

ಪಶುವೈದ್ಯರ ಉತ್ತರ: ಬಾಗಿಲು ಮಾತ್ರ ಹಾಕಬೇಡಿ. ಒಂದು ರಾತ್ರಿಗೂ ಬೇಡ.

ಮೂರು ಬಣ್ಣದ ಬೆಕ್ಕು ಅಂದರೆ ಹೆಚ್ಚುಕಡಿಮೆ ಹೆಣ್ಣೇ. ಕೇಸರಿ ಬಣ್ಣದ ಜೀನ್ ಇರುವುದು ಎಕ್ಸ್ ಕ್ರೋಮೊಸೋಮಿನಲ್ಲಿ. ಕಪ್ಪು, ಕೇಸರಿ ಎರಡೂ ಒಂದೇ ಮೈಮೇಲೆ ಬರಲು ಎರಡು ಎಕ್ಸ್ ಬೇಕು. ಹೆಣ್ಣಿಗೆ ಎರಡು ಎಕ್ಸ್, ಗಂಡಿಗೆ ಸಾಮಾನ್ಯವಾಗಿ ಒಂದೇ. ಗಂಡಿನಲ್ಲಿ ಇದು ತೀರಾ ಅಪರೂಪ. ಹೆಣ್ಣು ಅಂದಮೇಲೆ ಎಲ್ಲೋ ಮರಿ ಹಾಕಿರಬಹುದು. ಯಾರದೋ ಅಟ್ಟದ ಮೇಲೆ, ಇಲ್ಲವೇ ಕಟ್ಟುತ್ತಿರುವ ಮನೆಯ ಸಿಮೆಂಟ್ ಚೀಲಗಳ ಸಂದಿಯಲ್ಲಿ. ಬಂದು, ಕುಡಿದು, ನಿಲ್ಲದೆ ಹೋಗುತ್ತದೆ ಅಂದಾಗ ನನಗೆ ಮೊದಲು ಬರುವ ಅನುಮಾನ ಇದೇ. ಎಳೆಯ ಮರಿಗಳಿಗೆ ಕೆಲವೇ ತಾಸಿಗೊಮ್ಮೆ ಹಾಲು ಬೇಕು. ನೀವು ಬಾಗಿಲು ಹಾಕಿದ ರಾತ್ರಿ ಅವು ಉಪವಾಸ.

ಅದು ಕೂತು ಮೈ ನೆಕ್ಕಿಕೊಳ್ಳುವಾಗ ದೂರದಿಂದಲೇ ಹೊಟ್ಟೆ ನೋಡಿ. ಮೊಲೆತೊಟ್ಟುಗಳು ಗುಲಾಬಿಯಾಗಿ ಉಬ್ಬಿ, ಸುತ್ತಲಿನ ಕೂದಲು ಸವೆದಿದ್ದರೆ ಮರಿಗಳು ಇವೆ ಅಂತಲೇ ತಿಳಿಯಿರಿ. ಆಮೇಲೆ ಯಾವ ಕಡೆ ಹೋಗುತ್ತದೆ ಅಂತ ಗಮನಿಸಿ. ಬೆನ್ನು ಹತ್ತಬೇಡಿ, ಹೆದರಿದರೆ ಮರಿಗಳ ಜಾಗವನ್ನೇ ಬದಲಿಸುತ್ತದೆ.

ಈಗ ಯಾರ ಬೆಕ್ಕು ಅನ್ನುವ ಮಾತು. ಕೊರಳಪಟ್ಟಿ ಇಲ್ಲ ಅನ್ನುವುದರಿಂದ ಏನೂ ಗೊತ್ತಾಗುವುದಿಲ್ಲ. ನಮ್ಮ ಕಡೆ ಬೆಕ್ಕಿಗೆ ಪಟ್ಟಿ ಕಟ್ಟುವವರು ಎಷ್ಟು ಜನ? ಕಿವಿಯ ತುದಿ ಕತ್ತರಿಸಿದಂತೆ ನೇರವಾಗಿದ್ದರೆ ಯಾರೋ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ, ಗುರುತಿಗೆ ಹಾಗೆ ಕತ್ತರಿಸಿ ಬಿಟ್ಟಿರುವ ಬೀದಿ ಬೆಕ್ಕು ಇರಬಹುದು. ಗುರುತಿಗೆ ಚರ್ಮದ ಕೆಳಗೆ ಹಾಕುವ ಮೈಕ್ರೋಚಿಪ್ ಇದ್ದರೆ ಸ್ಕ್ಯಾನರ್‌ನಲ್ಲಿ 15 ಅಂಕಿಯ ನಂಬರ್ ಸಿಗುತ್ತದೆ, ಆದರೆ ಚಿಪ್ ಹಾಕಿಸಿದವರು ಕಡಿಮೆ. ನಿಮ್ಮ ಬೀದಿಗೆ ಹಾಲು ಹಾಕುವವರನ್ನು, ಮೂಲೆಯ ಕಿರಾಣಿ ಅಂಗಡಿಯವರನ್ನು ಕೇಳಿ. ‘ಅದಾ? ಹಿಂದಿನ ಲೈನಿನ ಅಜ್ಜಿ ಮನೀದ್ರೀ’ ಅನ್ನುವ ಉತ್ತರ ಅಲ್ಲೇ ಸಿಕ್ಕರೂ ಸಿಗಬಹುದು.

ಸಿಗದಿದ್ದರೆ ಕಾಗದದ ಪಟ್ಟಿ ಮಾಡಿ. ‘ಈ ಬೆಕ್ಕು ನಿಮ್ಮದಾ? ಫೋನ್ ಮಾಡಿ’ ಅಂತ ಬರೆದು ನಂಬರ್ ಹಾಕಿ, ಕೊರಳಿಗೆ ಸುತ್ತಿ ಕಾಗದದ ತುದಿಗಳಿಗೆ ಮಾತ್ರ ಟೇಪ್ ಅಂಟಿಸಿ. ಒಳಗೆ ಎರಡು ಬೆರಳು ತೂರಬೇಕು. ಎಲ್ಲಾದರೂ ಸಿಕ್ಕಿಕೊಂಡರೆ ಹರಿದುಹೋಗಬೇಕು, ಅದಕ್ಕೇ ಕಾಗದ. ದಾರ, ರಬ್ಬರ್ ಬ್ಯಾಂಡ್ ಬೇಡವೇ ಬೇಡ.

ಇದಕ್ಕೆ ಮೊದಲು ಅದು ಮುಟ್ಟಿಸಿಕೊಳ್ಳಬೇಕು, ಅಲ್ವಾ? ನೀವು ಅದರ ಹತ್ತಿರ ಹೋಗುವುದನ್ನು ಬಿಡಿ. ನೆಲದ ಮೇಲೆ ಒಂದು ಪಕ್ಕಕ್ಕೆ ತಿರುಗಿ ಕೂತು ಶೇಂಗಾ ಸುಲಿಯುತ್ತಿರಿ. ದಿಟ್ಟಿಸಿ ನೋಡಬೇಡಿ. ಕಣ್ಣಿಗೆ ಕಣ್ಣು ಸೇರಿದರೆ ನಿಧಾನಕ್ಕೆ ರೆಪ್ಪೆ ಮುಚ್ಚಿ ತೆರೆಯಿರಿ. ಬಾಲ ಎತ್ತಿ ಹತ್ತಿರ ಬಂದರೆ ಒಂದು ಬೆರಳನ್ನು ಅದರ ಮೂಗಿನ ಮಟ್ಟಕ್ಕೆ ಚಾಚಿ. ಮೂಸಿ, ತಾನಾಗಿಯೇ ಕೆನ್ನೆ ಉಜ್ಜಿದರೆ ಕೆನ್ನೆ, ಗದ್ದ ಸವರಿ, ಎರಡು ಮೂರು ಸೆಕೆಂಡಿಗೆ ಕೈ ತೆಗೆಯಿರಿ. ಇನ್ನೂ ಬೇಕಿದ್ದರೆ ಅದೇ ಕೇಳುತ್ತದೆ. ಹೊಟ್ಟೆಗೆ ಕೈ ಹಾಕಬೇಡಿ. ಬಾಲ ಬಡಿಯತೊಡಗಿದರೆ, ಕಿವಿ ಹಿಂದಕ್ಕೆ ಹೋದರೆ ಆವತ್ತಿಗೆ ಸಾಕು ಮಾಡಿ. ಮಗಳಿಗೂ ಇದನ್ನೇ ಹೇಳಿ. ಪರಚಿದರೆ, ಕಚ್ಚಿದರೆ ಸೋಪು ಹಚ್ಚಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ. ಬೆಕ್ಕಿನಿಂದಲೂ ರೇಬಿಸ್ ಬರುತ್ತದೆ, ಸಣ್ಣ ಗಾಯ ಅಂತ ಅರಿಶಿನ ಹಚ್ಚಿ ಕೂರುವುದಲ್ಲ.

ಹಾಲನ್ನು ನಿಲ್ಲಿಸಿ. ಬೆಳೆದ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಾಲಿನ ಸಕ್ಕರೆ ಅರಗುವುದಿಲ್ಲ, ಭೇದಿಯಾಗುತ್ತದೆ. ನಮ್ಮ ಬಿಸಿಲಿಗೆ ಮಣ್ಣಿನ ಬಟ್ಟಲಲ್ಲಿ ನೀರಿಟ್ಟರೆ ಯಾರ ತಕರಾರೂ ಇರುವುದಿಲ್ಲ. ಊಟ ಮಾತ್ರ ಮನೆಯವರು ಯಾರು ಅಂತ ತಿಳಿಯುವವರೆಗೆ ಜಾಸ್ತಿ ಬೇಡ. ಅದು ಔಷಧಿಯ ಮೇಲೆ ಇರಬಹುದು, ಪಥ್ಯದಲ್ಲಿ ಇರಬಹುದು. ಆದರೆ ಮರಿ ಹಾಕಿದ್ದರೆ, ಸೊರಗಿದ್ದರೆ ಈ ಲೆಕ್ಕ ಬಿಟ್ಟು ಹೊಟ್ಟೆ ತುಂಬ ಹಾಕಿ. ಉಪ್ಪು ಹಾಕದೆ ಬೇಯಿಸಿದ ಕೋಳಿ ಅಥವಾ ಮೊಟ್ಟೆ ಆಗುತ್ತದೆ. ಸಸ್ಯಾಹಾರಿ ಮನೆಯಾದರೆ ಬೆಕ್ಕಿನದೇ ಪ್ಯಾಕೆಟ್ ಆಹಾರ ತನ್ನಿ. ಹಾಲು-ರೊಟ್ಟಿಯಲ್ಲೇ ಬೆಕ್ಕನ್ನು ಸಾಕಲು ಆಗುವುದಿಲ್ಲ. ಮಾಂಸದಲ್ಲಿರುವ ಟಾರಿನ್ ಅನ್ನುವ ಪೋಷಕಾಂಶ ಸಿಗದಿದ್ದರೆ ಅದರ ಕಣ್ಣು, ಹೃದಯ ಎರಡೂ ಕೆಡುತ್ತವೆ. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರು ಅದಕ್ಕೆ ವಿಷ.

ಫೋನ್ ಬಂದರೆ ಒಳ್ಳೆಯದು. ‘ನಿಮ್ಮ ಬೆಕ್ಕು ಸಂಜೆ ನಮ್ಮಲ್ಲಿಗೆ ಬರ್ತದ್ರೀ, ಏನು ಹಾಕಬಹುದು?’ ಅಂತ ಕೇಳಿ. ಲಸಿಕೆ ಹಾಕಿಸಿದ್ದಾರಾ ಅಂತಲೂ ಕೇಳಿಕೊಳ್ಳಿ. ಎರಡು ಮೂರು ವಾರವಾದರೂ ಯಾರೂ ಕೇಳದಿದ್ದರೆ, ಮರಿಗಳೂ ಇಲ್ಲ ಅಂತ ಖಚಿತವಾದರೆ, ಬುಟ್ಟಿಯಲ್ಲಿ ಹಾಕಿಕೊಂಡು ಪಶು ಆಸ್ಪತ್ರೆಗೆ ತನ್ನಿ. ಮೊದಲು ಚಿಪ್ ನೋಡಿಸಿ, ಆಮೇಲೆ ರೇಬಿಸ್ ಲಸಿಕೆ, ಜಂತುಹುಳುವಿನ ಔಷಧಿ. ಸಂತಾನಹರಣ ಶಸ್ತ್ರಚಿಕಿತ್ಸೆಯ ದಿನವನ್ನೂ ಅಲ್ಲೇ ಗೊತ್ತು ಮಾಡಿ. ತಡ ಮಾಡಬೇಡಿ, ಬೆಕ್ಕಿನ ಗರ್ಭ ಸುಮಾರು 65 ದಿನ ಅಷ್ಟೇ.